ಫಾಸ್ಟರ್ ಕೇರ್ ಮಕ್ಕಳಿಗೆ ಬ್ಯಾಗು: ರೆಡಿ ಕಿಟ್ ತಗೊಳ್ಳೋದಾ, ನಾವೇ ತುಂಬೋದಾ?

ಪೂರ್ತಿ ಓದೋಕೆ ಪುರುಸೊತ್ತಿಲ್ದೇ ಇರೋರಿಗೆ ಮೊದ್ಲೇ ಹೇಳ್ಬಿಡ್ತೀನಿ. ಆಫೀಸಲ್ಲಿ ಗುಂಪಾಗಿ ಕೂತು ತುಂಬೋಕೆ ಅಂತ ಮಾರೋ ರೆಡಿ ಕಿಟ್‌ಗೆ ನನ್ ಕಡೆಯಿಂದ ಐದಕ್ಕೆ ಎರಡು ಸ್ಟಾರ್. ಊರಿನ ಫಾಸ್ಟರ್ ಕ್ಲಾಸೆಟ್‌ನೋರನ್ನ, ಅಂದ್ರೆ ಈ ಮಕ್ಕಳಿಗೆ ಬೇಕಾದ ಸಾಮಾನು ಕೂಡಿಟ್ಟು ಕೊಡೋ ವಾಲಂಟೀರ್‌ಗಳನ್ನ ಕೇಳಿ, ಅವ್ರು ಕೊಟ್ಟ ಲಿಸ್ಟ್ ಇಟ್ಕೊಂಡು ನಾವೇ ತಂದು ತುಂಬಿ ಕೊಡೋದಕ್ಕೆ ನಾಲ್ಕೂವರೆ. ಸುಮ್ನೆ ದುಡ್ಡು ಕಳಿಸ್ಬಿಡೋದಕ್ಕೆ ನಾಲ್ಕು, ಅದೂ ಯಾರಿಗೆ ಕಳಿಸ್ತೀರ ಅನ್ನೋದರ ಮೇಲೆ. ಎರಡು ಸ್ಟಾರ್ ಯಾಕೆ ಅಂತ ಕೇಳೋರಿಗೋಸ್ಕರ ಉಳಿದಿದ್ದು ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಅಡ್ಜಸ್ಟ್ ಮಾಡ್ಕೊಳಿ.

ಇಲ್ಲಿ ಅಮೆರಿಕದಲ್ಲಿ ಇರೋ ನಮ್ಮೋರಲ್ಲೂ ಸುಮಾರು ಜನಕ್ಕೆ ಫಾಸ್ಟರ್ ಕೇರ್ ಅಂದ್ರೆ ದತ್ತು ಅಂತಲೋ ಅನಾಥಾಶ್ರಮ ಅಂತಲೋ ಒಂದು ಅಂದಾಜು ಇದೆ, ಅದೆರಡೂ ಅಲ್ಲ. ಮನೇಲಿ ಮಗೂಗೆ ಅಪಾಯ ಇದೆ ಅಥವಾ ನೋಡ್ಕೊಳ್ಳೋರೇ ಇಲ್ಲ ಅಂತ ಆದಾಗ ಸರ್ಕಾರದೋರು, ಕೋರ್ಟಿನ ಉಸ್ತುವಾರಿಯಲ್ಲಿ, ಮಗೂನ ತಾತ್ಕಾಲಿಕವಾಗಿ ಬೇರೆ ಮನೆಗೋ, ನೆಂಟರ ಮನೆಗೋ, ಸುಮಾರು ಮಕ್ಕಳನ್ನ ಸಿಬ್ಬಂದಿ ಒಟ್ಟಿಗೆ ನೋಡ್ಕೊಳ್ಳೋ ಗ್ರೂಪ್ ಹೋಮ್‌ಗೋ ಕಳಿಸ್ತಾರೆ. ಅಪ್ಪ ಅಮ್ಮ ಬದುಕೇ ಇರ್ತಾರೆ, ತುಂಬಾ ಕೇಸಲ್ಲಿ ಮಗು ವಾಪಸ್ ಅವ್ರ ಹತ್ರಾನೇ ಹೋಗ್ಲಿ ಅನ್ನೋದೇ ಗುರಿ. 2023ರ ಸೆಪ್ಟೆಂಬರ್ ಕೊನೇಲಿ ಇಡೀ ದೇಶದಲ್ಲಿ ಹೀಗಿದ್ದ ಮಕ್ಕಳು ಸುಮಾರು 3 ಲಕ್ಷ 43 ಸಾವಿರ. ಈ ಮಕ್ಕಳು ಒಂದೇ ಮನೇಲಿ ಇರ್ತಾರೆ ಅಂತಾನೂ ಇಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ, ಅಲ್ಲಿಂದ ಮತ್ತೊಂದು ಕಡೆಗೆ ಹೋಗ್ತಾನೇ ಇರ್ತಾರೆ, ಸ್ಕೂಲೂ ಬದಲಾಗ್ತಿರುತ್ತೆ.

ಬ್ಯಾಗಿನ ವಿಷಯ ಬರೋದು ಇಲ್ಲಿ. ಮಗೂನ ಮನೆಯಿಂದ ಕರ್ಕೊಂಡು ಹೋಗೋದು ಮುಂಚೆ ಹೇಳಿ ಕೇಳಿ ಆಗೋದಲ್ಲ, ಎಷ್ಟೋ ಸಲ ರಾತ್ರಿ ಹೊತ್ತು, ಮನೇಲಿ ಜಗಳ, ಅಳು, ಬಾಗಿಲಲ್ಲಿ ಪೊಲೀಸು. ಮಗೂನ ಕೇಸ್ ನೋಡ್ಕೊಳ್ಳೋ ಸಿಬ್ಬಂದಿ, ಅಂದ್ರೆ ಕೇಸ್‌ವರ್ಕರ್‌ಗೆ ಸಿಗೋದು ಕೆಲವೇ ನಿಮಿಷ, ಕೈಗೆ ಸಿಕ್ಕಿದ ನಾಲ್ಕು ಬಟ್ಟೆನ ಕೈಗೆ ಸಿಕ್ಕಿದ ಚೀಲಕ್ಕೆ ತುರುಕ್ತಾರೆ, ಆ ಚೀಲ ಎಷ್ಟೋ ಸಲ ಕಪ್ಪು ಕಸದ ಚೀಲ. ಕೆಲವು ಮಕ್ಕಳು ಉಟ್ಟ ಬಟ್ಟೇಲೇ ಬರ್ತಾರೆ. ಫಾಸ್ಟರ್ ಕೇರಲ್ಲೇ ಬೆಳೆದು ದೊಡ್ಡೋರಾದವರು ಹತ್ತಾರು ವರ್ಷ ಆದ್ಮೇಲೂ ಈ ಕಸದ ಚೀಲದ ವಿಷಯ ಮರ್ತಿರಲ್ಲ. ರಾಬ್ ಶೀಯರ್ ಅಂತ ಒಬ್ರಿದಾರೆ, ಅವ್ರು ಹುಡುಗನಾಗಿದ್ದಾಗ ಫಾಸ್ಟರ್ ಮನೆಗೆ ಹೋಗಿದ್ದು ಕಸದ ಚೀಲ ಹಿಡ್ಕೊಂಡೇ, ಎಷ್ಟೋ ವರ್ಷ ಆದ್ಮೇಲೆ ಅವ್ರ ಮನೆಗೇ ಫಾಸ್ಟರ್ ಮಕ್ಕಳು ಬಂದಾಗ್ಲೂ ಮಕ್ಕಳ ಕೈಯಲ್ಲಿ ಅದೇ ಕಸದ ಚೀಲ ಇತ್ತಂತೆ. 2013ರಲ್ಲಿ ಮೇರಿಲ್ಯಾಂಡಲ್ಲಿ, ಇಂಥ ಮಕ್ಕಳಿಗೆ ಬ್ಯಾಗ್ ತುಂಬಿ ಕೊಡೋ ಕಂಫರ್ಟ್ ಕೇಸಸ್ ಅನ್ನೋ ಸಂಸ್ಥೆ ಶುರು ಮಾಡಿದ್ದು ಅವ್ರೇ. ಅದಕ್ಕೂ ಮುಂಚೆ 1998ರಿಂದಲೇ ಕ್ಯಾಲಿಫೋರ್ನಿಯಾದಲ್ಲಿ ಮೈ ಸ್ಟಫ್ ಬ್ಯಾಗ್ಸ್ ಅನ್ನೋ ಫೌಂಡೇಶನ್ ಇದೇ ಕೆಲ್ಸ ಮಾಡ್ತಿದೆ. ಅಂದ್ರೆ ಇದು ನಿನ್ನೆ ಮೊನ್ನೆ ಬಂದ ಐಡಿಯಾ ಅಲ್ಲ.

ಈಗ ಆ ಕಿಟ್ ವಿಷಯ. ಯಾವ ಕಂಪನಿದು ಅಂತ ಹೆಸರು ಹೇಳಲ್ಲ, ಹೇಳೋ ಅಗತ್ಯಾನೂ ಇಲ್ಲ, ಈ ತರದ್ದು ಮಾರೋರು ಬೇಕಾದಷ್ಟು ಜನ ಇದಾರೆ. ಆಫೀಸಿನ ವಾಲಂಟೀರ್ ಡೇಗೆ ಅಂತ ಎಚ್‌ಆರ್‌ನೋರು ತರಿಸಿದ್ರು. ಕಾರ್ಟನ್‌ಗಟ್ಲೆ ಬಂತು, ಒಳಗೆ ಮಡಚಿಟ್ಟ ಡಫಲ್ ಬ್ಯಾಗು, ಒಂದು ಫ್ಲೀಸ್ ಹೊದಿಕೆ, ಒಂದು ಟೆಡ್ಡಿ ಬೇರ್, ಟೂತ್‌ಬ್ರಶ್ಶು, ಪೇಸ್ಟು, ಸಣ್ಣ ಶಾಂಪೂ ಬಾಟ್ಲು, ಬಣ್ಣ ತುಂಬೋ ಪುಸ್ತಕ, ಕ್ರೇಯಾನ್ಸು. ನಾವು ಅದನ್ನ ಬ್ಯಾಗಿಗೆ ಹಾಕಿ, ಒಂದು ಕಾರ್ಡಲ್ಲಿ ಒಳ್ಳೆ ಮಾತು ಬರೆದು, ಜಿಪ್ ಎಳೆದು ವಾಪಸ್ ಕಾರ್ಟನ್‌ಗೆ ಇಡ್ಬೇಕು. ಅಷ್ಟೇ ಕೆಲ್ಸ. ಪಿಜ್ಜಾ ಬಂತು, ಫೋಟೋ ಆಯ್ತು, ಎಲ್ರೂ ಖುಷಿ.

ಬ್ಯಾಗನ್ನ ಸ್ವಲ್ಪ ಹತ್ತಿರದಿಂದ ನೋಡಿದ್ರೆ ಕಥೆ ಬೇರೆ. ಒಳಗಡೆ ಲೈನಿಂಗ್ ಇಲ್ಲ, ಬಟ್ಟೆ ಬೆಳಕಿಗೆ ಹಿಡಿದ್ರೆ ಆಚೆ ಕಡೆ ಬೆರಳು ಕಾಣುತ್ತೆ, ಅಷ್ಟು ತೆಳು. ಹಿಡಿ ಹೊಲಿದಿರೋ ಜಾಗದಲ್ಲಿ ಒಂದೇ ಸಾಲು ಹೊಲಿಗೆ, ನಾಲ್ಕು ಮೂಲೆ ಬಾಕ್ಸ್ ತರ ಹಾಕಿ ನಡುವೆ ಅಡ್ಡ ಹೊಲಿಗೆ ಹಾಕ್ತಾರಲ್ಲ, ಅದಿಲ್ಲ. ಜಿಪ್ಪು ಮೂಲೆಗೆ ಬಂದ ತಕ್ಷಣ ಪಕ್ಕದ ಬಟ್ಟೇನ ಕಚ್ಕೊಳತ್ತೆ, ಎರಡು ಕೈಯಲ್ಲಿ ಹಿಡಿದು ಹಿಂದೆ ಎಳೆದು ಬಿಡಿಸ್ಬೇಕು. ನನ್ ಪಕ್ಕದಲ್ಲಿ ಕೂತಿದ್ದ ಹುಡುಗಿ ಎಳೆದ ರಭಸಕ್ಕೆ ಜಿಪ್ಪಿನ ಎಳೆಯೋ ತುದಿನೇ ಕೈಗೆ ಬಂತು, ಇನ್ನೂ ಒಂದು ಮಗೂನೂ ಮುಟ್ಟಿಲ್ಲ ಆ ಬ್ಯಾಗನ್ನ. ಕಸದ ಚೀಲದ ಬದ್ಲು ಕೊಡ್ತಿರೋದು ತಾನೇ ಇದು? ಮೂರನೇ ಮನೆಗೆ ಹೋಗೋ ಹೊತ್ತಿಗೆ ಇದು ಹರಿದು, ಆ ಮಗು ಮತ್ತೆ ಕಸದ ಚೀಲಾನೇ ಹಿಡ್ಕೊಂಡು ನಿಂತ್ರೆ ನಾವು ಮಾಡಿದ್ದೇನು? ದುಡ್ಡೆಲ್ಲಾ ಹೋಗಿರೋದು ಬ್ಯಾಗಿನ ಮೇಲಿನ ಪ್ರಿಂಟಿಗೆ, ದೊಡ್ಡದಾಗಿ ಸಂಸ್ಥೆ ಲೋಗೋ, ಕೆಳಗೆ ನಮ್ಮ ಕಂಪನಿ ಲೋಗೋ. ಇದ್ರಲ್ಲಿ ನನಗೆ ತೀರಾ ಕಿರಿಕಿರಿ ಆಗಿದ್ದು ಅದೇ. ಹದಿನಾಲ್ಕು ವರ್ಷದ ಹುಡುಗ ಅದನ್ನ ಹೊಸ ಸ್ಕೂಲಿಗೆ ಹಾಕ್ಕೊಂಡು ಹೋದ್ರೆ ನಾನು ಫಾಸ್ಟರ್ ಹುಡುಗ ಅಂತ ಬೆನ್ನ ಮೇಲೆ ಬೋರ್ಡ್ ತಗಲಾಕ್ಕೊಂಡು ಹೋದಂಗೆ. ಯಾವ ಹುಡುಗ ಹಾಕ್ಕೋತಾನೆ ಹೇಳಿ.

ಒಳಗಿನ ಸಾಮಾನಿನ ವಿಷಯದಲ್ಲೂ ಯಾರೂ ಯೋಚನೆ ಮಾಡಿಲ್ಲ. ವಯಸ್ಸಿಗೆ ತಕ್ಕಂಗೆ ಬೇರೆ ಬೇರೆ ಬ್ಯಾಗ್ ಇಲ್ಲ, ಎಲ್ಲಾ ವಯಸ್ಸಿಗೂ ಅದೇ ಟೆಡ್ಡಿ ಅದೇ ಕ್ರೇಯಾನ್. ಒಂದು ಚಡ್ಡಿ ಇಲ್ಲ, ಒಂದು ಜೊತೆ ಸಾಕ್ಸ್ ಇಲ್ಲ. ರಾತ್ರಿ ಎರಡು ಗಂಟೆಗೆ ಉಟ್ಟ ಬಟ್ಟೇಲಿ ಬಂದ ಮಗೂಗೆ ಮೊದ್ಲು ಬೇಕಾಗಿರೋದು ಏನು ಅಂತ ಒಬ್ಬ ಫಾಸ್ಟರ್ ಪೇರೆಂಟನ್ನ ಕೇಳಿದ್ರೂ ಸಾಕಿತ್ತು.

ನಾನು ಕೇಳಿದೆ. ನಮ್ಮ ಕನ್ನಡ ಕೂಟದಲ್ಲಿ ಒಬ್ರು ಅಕ್ಕ ಇದಾರೆ, ಫಾಸ್ಟರ್ ಲೈಸೆನ್ಸ್ ತಗೊಂಡು ಮಕ್ಕಳನ್ನ ಇಟ್ಕೊಂಡಿದಾರೆ. ಮಕ್ಕಳ ಬಗ್ಗೆ ಒಂದಕ್ಷರ ಹೇಳಲ್ಲ ಅವ್ರು, ಹೇಳೋ ಹಾಗೂ ಇಲ್ಲ, ಫೋಟೋ ಹಾಕೋ ಹಾಗಿಲ್ಲ, ಹೆಸರು ಹೇಳೋ ಹಾಗಿಲ್ಲ. ಆದ್ರೆ ಬ್ಯಾಗಿನ ಬಗ್ಗೆ ಕೇಳಿದ್ರೆ ಮಾತು ನಿಲ್ಲಿಸ್ಲೇ ಇಲ್ಲ.

"ಅಕ್ಕ, ಟೆಡ್ಡಿ ಬೇರ್ ಎಲ್ಲಾ ಇಷ್ಟ ಪಡ್ತಾರಾ ಮಕ್ಕಳು?"

"ಪಡ್ತಾರೆ ಕಣೋ, ಚಿಕ್ಕೋರು ಪಡ್ತಾರೆ. ಆದ್ರೆ ನಡುರಾತ್ರೀಲಿ ನನಗೆ ಬೇಕಿರೋದು ಟೆಡ್ಡಿ ಅಲ್ಲ, ಸೈಜಿಗೆ ಸರಿಯಾಗೋ ಪೈಜಾಮ. ಅಂಗಡಿ ಎಲ್ಲಾ ಮುಚ್ಚಿರುತ್ತೆ. ಮಗು ಎಷ್ಟು ದೊಡ್ಡದು ಅಂತ ಫೋನಲ್ಲಿ ಹೇಳಿದ್ದಕ್ಕೂ ಬಂದಿದ್ದಕ್ಕೂ ಸಂಬಂಧ ಇರಲ್ಲ. ನೀವು ಬ್ಯಾಗ್ ಮೇಲೆ ಸೈಜ್ ಬರ್ದಿದ್ರೆ ನನ್ ಪಾಲಿಗೆ ನೀವೇ ದೇವ್ರು."

"ಮತ್ತೆ?"

"ಚಡ್ಡಿ. ಹೊಸದು, ಪ್ಯಾಕೆಟ್ ಒಡೀದೇ ಇರೋದು. ಯಾರೂ ಕೊಡಲ್ಲ ನೋಡು ಅದನ್ನ, ನಾಚಿಕೆನೋ ಏನೋ. ಆಮೇಲೆ ಬಾಚಣಿಗೆ, ಹೋಟೆಲಲ್ಲಿ ಕೊಡ್ತಾರಲ್ಲ ಕಪ್ಪು ಪ್ಲಾಸ್ಟಿಕ್ಕು, ಅದಲ್ಲ. ದೊಡ್ಡ ಹಲ್ಲಿಂದು."

ಬಾಚಣಿಗೆ ವಿಷಯ ನನಗೆ ಹೊಳೆದೇ ಇರ್ಲಿಲ್ಲ ನಿಜ ಹೇಳ್ಬೇಕಂದ್ರೆ. ಗುಂಗುರು ಕೂದಲಿನ ಮಕ್ಕಳಿಗೆ, ಅದರಲ್ಲೂ ಕಪ್ಪು ಜನಾಂಗದ ಮಕ್ಕಳಿಗೆ, ಸಣ್ಣ ಹಲ್ಲಿನ ಬಾಚಣಿಗೆ ಯಾವ ಕೆಲ್ಸಕ್ಕೂ ಬರಲ್ಲ, ಕೂದಲು ಕಿತ್ಕೊಂಡು ಬರುತ್ತೆ ಅಷ್ಟೇ. ಅವ್ರಿಗೆ ಅಗಲ ಹಲ್ಲಿನ ಬಾಚಣಿಗೆ, ಸಿಕ್ಕು ಬಿಡಿಸೋ ಸ್ಪ್ರೇ, ತೇವ ಕಾಯೋ ಕಂಡಿಷನರ್, ಮಲಗುವಾಗ ತಲೆಗೆ ಹಾಕ್ಕೊಳ್ಳೋ ಸ್ಯಾಟಿನ್ ಬಾನೆಟ್ ಬೇಕು. ಫಾಸ್ಟರ್ ಮನೆಯೋರು ಬೇರೆ ಜನಾಂಗದೋರಾಗಿದ್ರೆ ಅವ್ರ ಮನೇಲಿ ಇದ್ಯಾವ್ದೂ ಇರಲ್ಲ, ಮಗು ಬಾಯಿಬಿಟ್ಟು ಕೇಳಲ್ಲ. ಒಂದು ಜಿಪ್ ಪೌಚಲ್ಲಿ ಇಷ್ಟನ್ನ ಹಾಕಿ ಬೇರೆ ಇಟ್ರೆ ಕ್ಲಾಸೆಟ್‌ನೋರು ಬೇಕಾದ ಬ್ಯಾಗಿಗೆ ಸೇರಿಸ್ಕೋತಾರೆ.

ಇನ್ನು ಆ ಕ್ಲಾಸೆಟ್ ಬಗ್ಗೆ. ಫಾಸ್ಟರ್ ಕ್ಲಾಸೆಟ್ ಅಂದ್ರೆ ಹೆಚ್ಚುಕಡಿಮೆ ಒಂದು ಉಗ್ರಾಣ, ಚರ್ಚಿನ ಹಿಂದಿನ ರೂಮಲ್ಲೋ ಯಾರದ್ದೋ ಗ್ಯಾರೇಜಲ್ಲೋ ಇರುತ್ತೆ, ವಾಲಂಟೀರ್‌ಗಳೇ ನಡೆಸೋದು, ಕೇಸ್‌ವರ್ಕರ್‌ಗಳೂ ಫಾಸ್ಟರ್ ಪೇರೆಂಟ್‌ಗಳೂ ಬಂದು ಬೇಕಾಗಿದ್ದು ತಗೊಂಡು ಹೋಗ್ತಾರೆ. ನಾವು ಹೋಗಿದ್ದ ಕಡೆ ಗೋಡೆ ತುಂಬಾ ಸ್ಟೀಲ್ ರ‍್ಯಾಕು, ಪ್ರತಿ ರ‍್ಯಾಕಿಗೂ ಬಣ್ಣದ ಟೇಪು, ವಯಸ್ಸು ಬರೆದ ಚೀಟಿ. ಶಿಶು, ಓಡಾಡೋ ವಯಸ್ಸು, ಪ್ರೈಮರಿ ಸ್ಕೂಲ್, ಹಾಗೆ ಬಂದು ಕೊನೇ ರ‍್ಯಾಕು ಟೀನೇಜ್. ಮೊದಲ ಮೂರು ರ‍್ಯಾಕಲ್ಲಿ ಬ್ಯಾಗಿನ ಮೇಲೆ ಬ್ಯಾಗು ಒಟ್ಟಿದ್ರು, ಮಂಡಿ ಎತ್ತರಕ್ಕೆ ನೆಲದ ಮೇಲೂ ಇತ್ತು. ಟೀನೇಜ್ ರ‍್ಯಾಕಲ್ಲಿ ಒಂದು ಬಾಡಿ ಸ್ಪ್ರೇ ಡಬ್ಬ, ಎರಡು ನೋಟ್‌ಬುಕ್ಕು, ಒಂದೇ ಒಂದು ಬ್ಯಾಗು, ಅದೂ ಯೂನಿಕಾರ್ನ್ ಚಿತ್ರದ್ದು.

ಅಲ್ಲಿನ ಕೋಆರ್ಡಿನೇಟರ್ ಮೇಡಂ ಹೇಳಿದ್ದಿಷ್ಟೇ, ಎಲ್ರಿಗೂ ಪುಟ್ಟ ಮಕ್ಕಳ ಶಾಪಿಂಗ್ ಅಂದ್ರೆ ಇಷ್ಟ, ಮುದ್ದಾಗಿರೋ ಸಾಕ್ಸ್ ನೋಡಿದ್ರೆ ಕೈ ತಾನಾಗೇ ಹೋಗುತ್ತೆ, ಹದಿನಾರು ವರ್ಷದ ಹುಡುಗನಿಗೆ ಡಿಯೋಡರೆಂಟ್ ತಗೊಳ್ಳೋಕೆ ಯಾರಿಗೂ ಮನಸ್ಸು ಬರಲ್ಲ ಅಂತ. ಟೀನೇಜ್ ಮಕ್ಕಳಿಗೆ ಮನೆ ಸಿಗೋದೂ ಕಷ್ಟಾನೇ, ಗ್ರೂಪ್ ಹೋಮಲ್ಲಿ ಇರೋರು ಜಾಸ್ತಿ ಅವ್ರೇ. ಸೊ ನೀವು ಬ್ಯಾಗ್ ಕೊಡೋದಾದ್ರೆ, ಬೇರೆ ಏನೂ ಗೊತ್ತಾಗ್ಲಿಲ್ಲ ಅಂದ್ರೂ ಟೀನೇಜ್ ಬ್ಯಾಗ್ ಕೊಡಿ. ಪ್ಲೇನ್ ಕಪ್ಪು ಅಥವಾ ಗ್ರೇ ಬ್ಯಾಕ್‌ಪ್ಯಾಕು, ಲ್ಯಾಪ್‌ಟಾಪ್ ಹಿಡಿಸೋ ತರದ್ದು, ಇಲ್ಲಾಂದ್ರೆ ಚಕ್ರ ಇರೋ ಸೂಟ್‌ಕೇಸು. ದೊಡ್ಡ ಸೈಜಿನ ಟೀ ಶರ್ಟು, ಪೈಜಾಮ ಬದ್ಲು ಟ್ರ್ಯಾಕ್ ಪ್ಯಾಂಟು. ಹೆಣ್ಮಕ್ಕಳ ಬ್ಯಾಗಲ್ಲಿ ಪ್ಯಾಡು, ಅದಕ್ಕೇ ಅಂತ ಒಂದು ಸಣ್ಣ ಪೌಚು. ಇಯರ್‌ಫೋನು, ಚಾರ್ಜರ್ ಕೇಬಲ್ಲು. ಬೀಗ ಇರೋ ಡೈರಿ ಬಗ್ಗೆ ನಮ್ಮಲ್ಲೇ ವಾದ ಆಯ್ತು, ಈಗಿನ ಹುಡುಗರು ಯಾರ್ರೀ ಬರೀತಾರೆ ಅಂತ. ಅಕ್ಕ ಹೇಳಿದ್ರು, ಬರೆಯೋದು ಬಿಡೋದು ಅವ್ರಿಷ್ಟ, ಬೇರೆಯೋರು ತೆಗೆಯಕ್ಕಾಗದ ಒಂದು ವಸ್ತು ಅವ್ರ ಹತ್ರ ಇರ್ಲಿ ಅಂತ. ವಾದ ಮುಗೀತು.

ಇನ್ನೊಂದು ಸಾಮಾನು ನಾನೇ ಸೇರಿಸಿದ್ದು, ಕ್ಲಾಸೆಟ್‌ನೋರಿಗೂ ಇಷ್ಟ ಆಯ್ತು: ಕಾಗದ ಪತ್ರ ಇಡೋಕೆ ಜಿಪ್ ಇರೋ ವಾಟರ್‌ಪ್ರೂಫ್ ಫೋಲ್ಡರ್. 2014ರ ಒಂದು ಫೆಡರಲ್ ಕಾನೂನಿನ ಪ್ರಕಾರ, ಆರು ತಿಂಗಳಾದ್ರೂ ಕೇರಲ್ಲಿದ್ದು, ದೊಡ್ಡೋರಾದ್ರು ಅಂತ ಕೇರಿಂದ ಆಚೆ ಹೋಗೋ ಹುಡುಗರಿಗೆ ಬರ್ತ್ ಸರ್ಟಿಫಿಕೇಟು, ಸೋಷಿಯಲ್ ಸೆಕ್ಯುರಿಟಿ ಕಾರ್ಡು, ಹೆಲ್ತ್ ಇನ್ಶೂರೆನ್ಸ್ ವಿವರ, ಮೆಡಿಕಲ್ ರೆಕಾರ್ಡು, ಡ್ರೈವಿಂಗ್ ಲೈಸೆನ್ಸ್ ಅಥವಾ ಸ್ಟೇಟ್ ಐಡಿ ಇಷ್ಟನ್ನೂ ಕೊಟ್ಟೇ ಕಳಿಸ್ಬೇಕು. ಕೊಟ್ಟ ಮೇಲೆ ಆ ಹುಡುಗ ಎಲ್ಲಿಡ್ತಾನೆ? ಅಲ್ಲಿ ಇಲ್ಲಿ ಸೋಫಾ ಮೇಲೆ ಮಲ್ಕೊಂಡು ದಿನ ತಳ್ಳೋ ಟೈಮಲ್ಲಿ ಒಂದು ಪೇಪರ್ ಕಳ್ದೋದ್ರೆ ಕೆಲಸಕ್ಕೆ ಸೇರೋಕೂ ಆಗಲ್ಲ. ಹತ್ತು ಡಾಲರ್ ಒಳಗೆ ಸಿಗೋ ಫೋಲ್ಡರ್ ಅದು, ಆದ್ರೂ ರೆಡಿ ಕಿಟ್ ಯಾವ್ದರಲ್ಲೂ ಅದನ್ನ ನಾನು ನೋಡಿಲ್ಲ.

ಚಿಕ್ಕ ಮಕ್ಕಳದ್ದು ಬೇಗ ಹೇಳಿ ಮುಗಿಸ್ತೀನಿ, ಅದಕ್ಕೆ ಕೊಡೋರು ಹೇಗಿದ್ರೂ ಜಾಸ್ತಿ ಇದಾರೆ. ಆದ್ರೆ ಒಂದು ಮಾತ್ರ ಗಟ್ಟಿಯಾಗಿ ಹೇಳ್ಬೇಕು, ಒಂದು ವರ್ಷ ತುಂಬದ ಕೂಸಿನ ಬ್ಯಾಗಿಗೆ ಫ್ಲೀಸ್ ಹೊದಿಕೆ ಟೆಡ್ಡಿ ಹಾಕ್ಬೇಡಿ. ಕೂಸು ಮಲಗೋ ತೊಟ್ಟಿಲಲ್ಲಿ ಸಡಿಲ ಹೊದಿಕೆ, ದಿಂಬು, ಮೆತ್ತನೆ ಗೊಂಬೆ ಏನೂ ಇರಬಾರ್ದು, ಉಸಿರು ಕಟ್ಟೋ ಅಪಾಯ ಇದೆ ಅಂತ ಇಲ್ಲಿನ ಮಕ್ಕಳ ಡಾಕ್ಟರ್‌ಗಳ ಅಕಾಡೆಮಿ ಸಾರಿ ಸಾರಿ ಹೇಳುತ್ತೆ, ಫಾಸ್ಟರ್ ಪೇರೆಂಟ್‌ಗಳಿಗೆ ಟ್ರೈನಿಂಗಲ್ಲೂ ಅದನ್ನೇ ಹೇಳ್ಕೊಡ್ತಾರೆ. ನಮ್ಮ ಕಿಟ್ಟಲ್ಲಿ ಶಿಶುಗಳಿಗೂ ಅದೇ ಕಂಬಳಿ ಅದೇ ಕರಡಿ. ಅದರ ಬದ್ಲು ಸ್ಲೀಪ್ ಸ್ಯಾಕ್, ಅಂದ್ರೆ ಮಗೂಗೆ ತೊಡಿಸೋ ಚೀಲದ ತರದ ಹೊದಿಕೆ, ಅದನ್ನ ಹಾಕಿ. ಡೈಪರ್ ಸೈಜ್ ಬರೆದು ಹಾಕಿ. ಮೂರು ವರ್ಷದ ಒಳಗಿನೋರಿಗೆ ಗುಂಡಿ ಕಣ್ಣಿನ ಗೊಂಬೆ ಬೇಡ, ಕಿತ್ತು ಬಾಯಿಗೆ ಹಾಕ್ಕೋತಾರೆ. ಪೈಜಾಮ ತಗೊಳ್ಳುವಾಗ ಒಂದು ಸೈಜು ದೊಡ್ಡದೇ ತಗೊಳ್ಳಿ. ಇಲ್ಲಿ ಮಕ್ಕಳ ರಾತ್ರಿ ಬಟ್ಟೆ ಒಂದೋ ಬೆಂಕಿ ಬೇಗ ಹತ್ತದ ಬಟ್ಟೇಲಿ ಆಗಿರ್ಬೇಕು, ಇಲ್ಲಾ ಮೈಗೆ ಅಂಟಿದಂಗೆ ಟೈಟ್ ಇರ್ಬೇಕು ಅಂತ ರೂಲಿದೆ. ಕಾಟನ್ ಪೈಜಾಮ ಎಲ್ಲಾ ಟೈಟ್ ಬರೋದು ಅದಕ್ಕೇ, ನಾಲ್ಕು ವರ್ಷದ ಮಗೂಗೆ ಅಂತ ತಂದಿದ್ದು ನಾಲ್ಕು ವರ್ಷದ ಮಗೂಗೆ ಏರಲ್ಲ.

ಏನು ಹಾಕ್ಬಾರ್ದು ಅನ್ನೋದಕ್ಕೂ ಕ್ಲಾಸೆಟ್‌ನೋರ ಹತ್ರ ಒಂದು ಹಾಳೆ ಇತ್ತು, ಓದ್ತಾ ಹೋದ್ರೆ ಪ್ರತಿ ಸಾಲಿನ ಹಿಂದೆ ಏನೋ ನಡೆದಿರ್ಬೇಕು ಅನ್ಸುತ್ತೆ. ಹಳೇ ಬಟ್ಟೆ ಬೇಡ, ತೊಳೆದು ಇಸ್ತ್ರಿ ಮಾಡಿದ್ರೂ ಬೇಡ, ಟ್ಯಾಗ್ ಇರೋ ಹೊಸದೇ ಬೇಕು. ನಮ್ಮೋರು ಒಬ್ರು ಇದಕ್ಕೆ ಬೇಜಾರ್ ಮಾಡ್ಕೊಂಡ್ರು, ನಮ್ಮ ಮಕ್ಕಳ ಬಟ್ಟೆ ಎಷ್ಟು ಚೆನ್ನಾಗಿದೆ ಅಂತ. ಇರ್ಬಹುದು ಸಾರ್, ಆದ್ರೆ ಆ ಮಗು ಅವತ್ತು ರಾತ್ರಿ ಬೇರೆಯೋರ ಮನೇಲಿ, ಬೇರೆಯೋರ ಹಾಸಿಗೆ ಮೇಲೆ ಮಲಗ್ತಿದೆ, ಮೈ ಮೇಲಿನ ಬಟ್ಟೆನಾದ್ರೂ ತನ್ನದೇ ಆಗಿರ್ಲಿ. ಔಷಧಿ ಬೇಡ, ವಿಟಮಿನ್ನೂ ಬೇಡ. ಶೇವಿಂಗ್ ರೇಜರ್, ಕತ್ತರಿ ಬೇಡ. ಆಲ್ಕೋಹಾಲ್ ಇರೋ ಮೌತ್‌ವಾಶ್ ಬೇಡ. ತಿಂಡಿ ಬೇಡ, ಅಲರ್ಜಿ ಯಾರಿಗಿದೆ ಗೊತ್ತಿಲ್ಲ, ಜೊತೆಗೆ ಬ್ಯಾಗು ರ‍್ಯಾಕಲ್ಲಿ ಎಷ್ಟು ತಿಂಗಳು ಕೂತಿರುತ್ತೋ ಯಾರಿಗೂ ಗೊತ್ತಿಲ್ಲ, ಇಲಿ ಬರುತ್ತೆ. ಧರ್ಮದ ಪುಸ್ತಕ, ಪಾಂಪ್ಲೆಟ್ಟು ಬೇಡ, ಯಾವ ಧರ್ಮದ್ದೂ. ಗಮಗಮ ಅನ್ನೋ ಸೋಪು ಲೋಷನ್ ಬೇಡ, ಚರ್ಮದ ತೊಂದ್ರೆ ಇರೋ ಮಕ್ಕಳಿರ್ತಾರೆ. ಶಾಂಪೂ ಪೂರ್ತಿ ಸೈಜಿಂದೇ ಇರ್ಲಿ, ಹೋಟೆಲಿಂದ ತಂದಿದ್ದಲ್ಲ, ಮುಚ್ಚಳದ ಮೇಲೆ ಟೇಪ್ ಸುತ್ತಿ ಜಿಪ್‌ಲಾಕ್ ಕವರಿಗೆ ಹಾಕಿ. ಸೋರಿದ ಶಾಂಪೂ ಪೈಜಾಮಕ್ಕೆ ಅಂಟಿ ಗಟ್ಟಿಯಾಗಿರೋ ಒಂದು ಬ್ಯಾಗನ್ನ ಅವ್ರು ತೆಗೆದು ತೋರಿಸಿದ್ರು, ಅಷ್ಟನ್ನೂ ಬಿಸಾಕ್ಬೇಕಾಗಿತ್ತು.

ಕಾರ್ಡ್ ಬರೆಯೋದಕ್ಕೂ ರೂಲ್ಸ್ ಇದೆ, ಇದು ನನಗೆ ತುಂಬಾ ಸರಿ ಅನ್ನಿಸ್ತು. ನಿಮ್ಮ ಪೂರ್ತಿ ಹೆಸರು, ಅಡ್ರೆಸ್, ಫೋನ್ ನಂಬರ್ ಹಾಕೋ ಹಾಗಿಲ್ಲ. ಎಲ್ಲಾ ಸರಿ ಹೋಗುತ್ತೆ, ನಿನಗೆ ಒಳ್ಳೆ ಹೊಸ ಮನೆ ಸಿಗುತ್ತೆ, ಇಂಥದ್ದೆಲ್ಲಾ ಬರೀಬಾರ್ದು. ಆ ಮಗೂಗೆ ಬೇಕಿರೋದು ಹೊಸ ಮನೆ ಅಲ್ಲದೇ ಇರ್ಬಹುದು, ಅಮ್ಮ ಬೇಕಿರ್ಬಹುದು. ಈ ಬ್ಯಾಗು ನಿನ್ನದು, ನೀನೇ ಇಟ್ಕೋ ಅಂತ ಬರೆದ್ರೆ ಸಾಕು ಅಂದ್ರು. ಆಫೀಸಲ್ಲಿ ನಾವು ಬರೆದಿದ್ದ ಕಾರ್ಡುಗಳಲ್ಲಿ ಮುಕ್ಕಾಲು ಪಾಲು ಈ ರೂಲಿಗೆ ಫೇಲು, ಕಿಟ್ ಜೊತೆ ಬಂದ ಸ್ಯಾಂಪಲ್ ಕಾರ್ಡೇ ಹಾಗಿತ್ತು.

ಹಾಗಂತ ರೆಡಿ ಕಿಟ್ ಪೂರ್ತಿ ವೇಸ್ಟ್ ಅನ್ನಲ್ಲ, ಎರಡು ಸ್ಟಾರ್ ಕೊಟ್ಟಿದೀನಲ್ಲ. ಎಲ್ಲಾ ಡೋರ್‌ಗೆ ಬರುತ್ತೆ, ಶಾಪಿಂಗ್ ತಲೆನೋವಿಲ್ಲ, ವಾಪಸ್ ಕಳಿಸೋದೂ ಅವ್ರೇ ನೋಡ್ಕೋತಾರೆ, ನೂರು ಜನದ ಟೀಮಿಗೆ ಮಧ್ಯಾಹ್ನದಲ್ಲಿ ಕೆಲ್ಸ ಮುಗಿಯುತ್ತೆ. ಫಾಸ್ಟರ್ ಕೇರ್ ಅನ್ನೋ ಹೆಸರೇ ಕೇಳದೇ ಇದ್ದ ನಮ್ಮ ಟೀಮಿನ ಹುಡುಗರು ಆಮೇಲೆ ಕೂತು ಗೂಗಲ್ ಮಾಡಿದ್ರು, ಅದೂ ಒಂದು ಲಾಭಾನೇ. ನಿಮ್ಮ ಎಚ್‌ಆರ್ ಕಿಟ್ಟೇ ತರಿಸ್ತೀವಿ ಅಂತ ಹಟ ಹಿಡಿದ್ರೆ ಮೂರು ಪ್ರಶ್ನೆ ಕೇಳಿ ನೋಡಿ: ವಯಸ್ಸಿನ ಪ್ರಕಾರ ಬೇರೆ ಬೇರೆ ಬ್ಯಾಗ್ ಇದ್ಯಾ, ಲೋಗೋ ಇಲ್ದೇ ಕೊಡ್ತೀರಾ, ತುಂಬಿದ ಬ್ಯಾಗು ಯಾವ ಏಜೆನ್ಸಿಗೆ ಹೋಗುತ್ತೆ. ಮೂರನೇದಕ್ಕೆ ನೇರ ಉತ್ತರ ಬರ್ಲಿಲ್ಲ ಅಂದ್ರೆ ಅಲ್ಲಿಗೇ ಬಿಡಿ.

ದುಡ್ಡು ಕಳಿಸೋದು ಸೋಮಾರಿತನ ಅಂತ ಕೆಲವರು ಅಂತಾರೆ, ನಾನು ಒಪ್ಪಲ್ಲ. ಈ ಸಂಸ್ಥೆಗಳು ಬ್ಯಾಗನ್ನ ಹೋಲ್‌ಸೇಲಲ್ಲಿ ತರಿಸ್ತಾರೆ, ನಾನು ಅಂಗಡೀಲಿ ಒಂದು ತಗೊಳ್ಳೋ ದುಡ್ಡಲ್ಲಿ ಅವ್ರಿಗೆ ಜಾಸ್ತಿ ಸಿಗುತ್ತೆ, ಜೊತೆಗೆ ಯಾವ ಸೈಜ್ ಖಾಲಿ ಇದೆ ಅಂತ ಗೊತ್ತಿರೋದೂ ಅವ್ರಿಗೇ. 501 ಸಿ 3, ಅಂದ್ರೆ ತೆರಿಗೆ ವಿನಾಯ್ತಿ ಇರೋ ದತ್ತಿ ಸಂಸ್ಥೆ ಆಗಿದ್ರೆ ರಸೀದಿ ಕೊಡ್ತಾರೆ, ತೆರಿಗೆ ಲೆಕ್ಕಕ್ಕೆ ಆಗುತ್ತೆ. ನಾರ್ದರ್ನ್ ಐರ್ಲೆಂಡಲ್ಲಿ 2015ರಲ್ಲಿ ಶುರುವಾದ ಮ್ಯಾಡ್ಲಗ್ ಅನ್ನೋರ ದಾರಿ ಇನ್ನೂ ಬೇರೆ, ನೀವು ನಿಮಗೆ ಅಂತ ಒಂದು ಬ್ಯಾಗ್ ಕೊಂಡ್ರೆ ಅವ್ರು ಕೇರಲ್ಲಿರೋ ಒಂದು ಮಗೂಗೆ ಒಂದು ಬ್ಯಾಗ್ ಕೊಡ್ತಾರೆ. ನಿಮಗೂ ಹೇಗಿದ್ರೂ ಬ್ಯಾಗ್ ಬೇಕಿತ್ತು ಅನ್ನೋ ಟೈಮಲ್ಲಿ ಇದು ಒಳ್ಳೆ ವ್ಯಾಪಾರ. ನಾನು ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ ದುಡ್ಡು ಕಳಿಸಿದ್ರೆ ಮನೇಲಿ ಮಕ್ಕಳಿಗೆ ಏನೂ ಗೊತ್ತಾಗಲ್ಲ, ಅದೇ ಅಂಗಡೀಲಿ ಟ್ರಾಲಿ ತಳ್ಕೊಂಡು ಹನ್ನೆರಡು ವರ್ಷದ ಹುಡುಗಿಗೆ ಯಾವ ಬಣ್ಣ ಇಷ್ಟ ಆಗ್ಬಹುದು ಅಂತ ನನ್ ಮಗಳು ಸಾಲು ಸಾಲು ಹುಡುಕಿದ್ದು ಬೇರೆನೇ ತರ.

ಇದೆಲ್ಲಾ ಸರ್ಕಾರದ ಕೆಲ್ಸ ಅಲ್ವಾ ಅಂತ ನೀವು ಕೇಳ್ಬಹುದು, ನಾನೂ ಕೇಳ್ತೀನಿ. ಟೆಕ್ಸಾಸಲ್ಲಿ 2023ರಲ್ಲಿ ಒಂದು ಕಾನೂನು ಆಯ್ತು, ಫಾಸ್ಟರ್ ಮಕ್ಕಳಿಗೆ ಸಾಮಾನು ಸಾಗಿಸೋಕೆ ಸರಿಯಾದ ಲಗೇಜ್ ಇಲಾಖೆಯೋರೇ ಇಟ್ಕೊಂಡಿರ್ಬೇಕು ಅಂತ. ಬೇರೆ ಕೆಲವು ರಾಜ್ಯದಲ್ಲೂ ಕಸದ ಚೀಲ ಬೇಡ ಅನ್ನೋ ತರದ ನಿಯಮ ಬಂದಿದೆ. ಒಳ್ಳೇದೇ. ಆದ್ರೆ ಕಾನೂನು ಬ್ಯಾಗಿಗೆ ಬರುತ್ತೆ, ಬ್ಯಾಗಿನ ಒಳಗಿನ ಚಡ್ಡಿ ಸಾಕ್ಸು ಬಾಚಣಿಗೆವರೆಗೂ ಬರೋದು ಯಾವಾಗ್ಲೋ, ಅಲ್ಲೀವರೆಗೂ ಕ್ಲಾಸೆಟ್‌ಗಳೇ ಗತಿ.

ಕ್ಲಾಸೆಟ್‌ಗೆ ಐದು ಕೊಡ್ದೇ ನಾಲ್ಕೂವರೆ ಕೊಟ್ಟಿದ್ದಕ್ಕೂ ಕಾರಣ ಇದೆ. ಫೋನ್ ಎತ್ತಲ್ಲ, ಮೇಲ್‌ಗೆ ಉತ್ತರ ಬರೋಕೆ ಕಾಯ್ಸ್ತಾರೆ, ವೆಬ್‌ಸೈಟಲ್ಲಿರೋ ಲಿಸ್ಟ್ ಒಂದು, ಅಲ್ಲಿಗೆ ಹೋದ್ಮೇಲೆ ಬೇಕು ಅನ್ನೋದು ಇನ್ನೊಂದು. ವಾಲಂಟೀರ್‌ಗಳು ಅವ್ರು, ಬೈಯೋ ಹಾಗೂ ಇಲ್ಲ. ಕ್ರಿಸ್‌ಮಸ್ ಟೈಮಲ್ಲಿ ಅಂತೂ ಹೋಗ್ಲೇಬೇಡಿ, ಆಗ ಎಲ್ರೂ ಕೊಡ್ತಾರೆ, ಇಡೋಕೆ ಜಾಗ ಇಲ್ದೇ ಗೊಂಬೆ ಡಬ್ಬಗಳು ಕಾರಿಡಾರಿಗೆ ಬಂದಿರುತ್ತೆ. ಮೇ ತಿಂಗಳು ಫಾಸ್ಟರ್ ಕೇರ್ ತಿಂಗಳು ಅಂತ ಆಚರಿಸ್ತಾರೆ, ಆಗಲೂ ಒಂದಷ್ಟು ಬರುತ್ತೆ. ನಮ್ಮ ಕಡೆ ರ‍್ಯಾಕು ಖಾಲಿ ಹೊಡೆಯೋದು ಬೇಸಿಗೆ ಕೊನೇಲಿ, ಸ್ಕೂಲ್ ಶುರುವಾಗೋ ಟೈಮಿಗೆ, ಕೊಡೋರೆಲ್ಲಾ ರಜೆಗೆ ಹೋಗಿರ್ತಾರೆ. ನಮ್ಮ ಕೂಟದೋರು ಈಗ ಆ ಟೈಮಿಗೇ ಕೊಡೋದು ಅಂತ ಮಾಡ್ಕೊಂಡಿದೀವಿ, ಬರೀ ಟೀನೇಜ್ ಬ್ಯಾಗು, ಬೇರೆ ಯಾವ್ದೂ ಇಲ್ಲ. ಬ್ಯಾಗಿನ ಹಿಡಿಗೆ ದೊಡ್ಡ ಅಕ್ಷರದಲ್ಲಿ ವಯಸ್ಸು, ಬಟ್ಟೆ ಸೈಜು, ಹುಡುಗ ಹುಡುಗಿ ಯಾರಿಗಾದ್ರೂ ಆಗುತ್ತಾ ಅನ್ನೋದು ಬರೆದ ಚೀಟಿ ಕಟ್ಟಿ, ಸ್ಟೇಪ್ಲರ್ ಹೊಡೀಬೇಡಿ, ಬಟ್ಟೆ ಹರಿಯುತ್ತೆ. ಬೆಲೆ ಚೀಟಿ ಕಿತ್ತು ಹಾಕಿ, ಸೈಜ್ ಟ್ಯಾಗ್ ಹಾಗೇ ಇರ್ಲಿ. ಡ್ರಾಪ್ ಮಾಡೋಕೆ ಹೋಗೋ ಮುಂಚೆ ಮೆಸೇಜ್ ಹಾಕಿ ಉತ್ತರ ಬಂದ್ಮೇಲೇ ಹೊರಡಿ, ಬಾಗಿಲ ಮುಂದೆ ಇಟ್ಟು ಬಂದ್ರೆ ಮಳೇಲಿ ನೆನೆಯುತ್ತೆ, ಒಮ್ಮೆ ಹಾಗೆ ಯಾರೋ ಇಟ್ಟಿದ್ದನ್ನ ನಾನೇ ನೋಡಿದೀನಿ.